ಚಾಕೊಲೇಟ್ ಗಡ್ಡೆಯನ್ನು 'ಬೇರು ಸಮೇತ' ಕೀಳಿಸುವ ಮುನ್ನ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಅಂಡಾಶಯದ ಗಡ್ಡೆ ಎಂದು ಬರೆದಿದ್ದರೆ ಸಾಕು, ಜೊತೆಗೆ ಬಂದವರ ಮೊದಲ ಮಾತು ಒಂದೇ: "ಬೇರು ಸಮೇತ ಕಿತ್ತು ಒಗದ್ಬಿಡ್ರಿ ಡಾಕ್ಟ್ರ, ಮತ್ತ ಬರಬಾರದು ನೋಡ್ರಿ." ಹಾವೇರಿಯವರಿರಲಿ, ನವಲಗುಂದದವರಿರಲಿ, ಹುಬ್ಬಳ್ಳಿ ವಿದ್ಯಾನಗರದವರೇ ಇರಲಿ, ಇದರಲ್ಲಿ ಭೇದವಿಲ್ಲ. ಹುಡುಗಿಗೆ ಇನ್ನೂ ಮದುವೆಯಾಗಿಲ್ಲ, ಮುಂದೆ ಮಕ್ಕಳಾಗಬೇಕು ಎಂಬುದು ಆ ಹೊತ್ತಿನಲ್ಲಿ ಯಾರ ತಲೆಯಲ್ಲೂ ಇರುವುದಿಲ್ಲ.

ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. 5 ಸೆಂ.ಮೀ. ಒಳಗಿನ ಸಾದಾ ನೀರುಗುಳ್ಳೆ ಸಾಮಾನ್ಯವಾಗಿ ಎರಡು-ಮೂರು ಮುಟ್ಟಿನೊಳಗೆ ತಾನಾಗಿಯೇ ಕರಗುತ್ತದೆ. ಕೂದಲು, ಜಿಡ್ಡು ತುಂಬಿದ ಡರ್ಮಾಯ್ಡ್ ಬಹುಮಟ್ಟಿಗೆ ಸಿಪ್ಪೆಯೊಳಗಿನ ಶೇಂಗಾ ಕಾಳಿನಂತೆ ಬಿಡಿಸಿಕೊಂಡು ಬರುತ್ತದೆ. ತಕರಾರೆಲ್ಲ ಚಾಕೊಲೇಟ್ ಸಿಸ್ಟ್‌ನದು, ಅಂದರೆ ಗರ್ಭಕೋಶದ ಒಳಪದರದಂಥ ಪದರ ಬೇರೆಡೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಿಂದ ಹಳೆಯ ರಕ್ತ ತುಂಬಿಕೊಂಡ ಗಡ್ಡೆಯದು.

ಇದಕ್ಕೆ ಸ್ವಂತ ಗೋಡೆ ಎಂಬುದಿಲ್ಲ. ಗೋಡೆ ಎಂದು ನಾವು ಹಿಡಿದೆಳೆಯುವುದು ಬಹುಪಾಲು ಅಂಡಾಶಯದ್ದೇ ಹೊರಪದರ. ಅಂಡಾಣುಗಳ ದಾಸ್ತಾನು ಇರುವುದೂ ಆ ತೆಳು ಪದರದಲ್ಲೇ. ಆಪರೇಶನ್‌ನಲ್ಲಿ ಕಂದು ದ್ರವ ಹೀರಿ ತೆಗೆದ ಮೇಲೆ ಒಂದು ಚಿಮಟದಿಂದ ಪೊರೆಯನ್ನೂ ಇನ್ನೊಂದರಿಂದ ಅಂಡಾಶಯವನ್ನೂ ಹಿಡಿದು ಎದುರುಬದುರು ಎಳೆಯುತ್ತೇವೆ. ಮೊದಮೊದಲು ಸಲೀಸು. ರಕ್ತನಾಳಗಳು ಒಳಹೋಗುವ ಬುಡಕ್ಕೆ ಬಂದಾಗ ಪೊರೆ ಎಲ್ಲಿ ಮುಗಿಯಿತು, ಅಂಡಾಶಯ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಅಲ್ಲಿ ಹಟ ಹಿಡಿದು ಎಳೆದರೆ ರಕ್ತ ಚಿಮ್ಮುತ್ತದೆ. ನಿಲ್ಲಿಸಲು ಕರೆಂಟಿನಿಂದ ಸುಟ್ಟರೆ ಶಾಖ ಪಕ್ಕದ ಅಂಡಾಣುಗಳಿಗೂ ತಟ್ಟುತ್ತದೆ. ಸಾಧ್ಯವಿದ್ದಲ್ಲಿ ಸುಡುವುದಕ್ಕಿಂತ ಹೊಲಿಗೆ ಮೇಲು, ಬುಡದಲ್ಲಿ ಚೂರು ಪೊರೆ ಉಳಿದರೂ ಚಿಂತೆಯಿಲ್ಲ. ಕಿತ್ತ ಪೊರೆಯನ್ನು ಬಯಾಪ್ಸಿಗೆ ಕಳಿಸಿದಾಗ ಅದರ ಜೊತೆ ಆರೋಗ್ಯವಂತ ಅಂಡಕೋಶಗಳೂ (ಅಂಡಾಣು ಇರುವ ಪುಟ್ಟ ಚೀಲಗಳು) ಕಾಣುವುದು ಅಪರೂಪವೇನಲ್ಲ. ಪೂರ್ತಿ ಕ್ಲೀನ್ ಮಾಡಿಸಿದ್ದಕ್ಕೆ ತೆತ್ತ ಬೆಲೆ ಅದು. ಎರಡೂ ಬದಿಗೆ ಮಾಡಿದರೆ, ಅದೇ ಬದಿಗೆ ಮತ್ತೊಮ್ಮೆ ಮಾಡಿದರೆ ನಷ್ಟ ಇನ್ನೂ ಹೆಚ್ಚು. ಹೆಣ್ಣುಮಗುವಿನಲ್ಲಿ ಅಂಡಾಣು ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ 3-4 ಲಕ್ಷ. ಹೋದದ್ದಕ್ಕೆ ಬದಲಿ ಹುಟ್ಟುವುದಿಲ್ಲ.

ಆದ್ದರಿಂದ ಆಪರೇಶನ್‌ಗೆ ಮೊದಲೇ ಅಂಡಾಣುಗಳ ದಾಸ್ತಾನು ಅಂದಾಜಿಸುವ ಎ.ಎಂ.ಎಚ್. ರಕ್ತಪರೀಕ್ಷೆ ಮಾಡಿಸಿ, ಯಾವ ದಿನವಾದರೂ ಆದೀತು. ಅಂಡಕೋಶ ಎಣಿಸುವ ಸ್ಕ್ಯಾನ್ ಮಾತ್ರ ಮುಟ್ಟಿನ 2ರಿಂದ 5ನೇ ದಿನದೊಳಗೆ. ಆಪರೇಶನ್ ಆದ ತಿಂಗಳಿಗೇ ಮತ್ತೆ ಎ.ಎಂ.ಎಚ್. ನೋಡಿ ಗಾಬರಿಬೀಳಬೇಡಿ. ಮೊದಲು ಕುಸಿದು, ಕೆಲವರಲ್ಲಿ ಸ್ವಲ್ಪ ಮೇಲೇಳುತ್ತದೆ. ಆರು ತಿಂಗಳಾದರೂ ತಡೆಯಿರಿ. ಎರಡು ಲ್ಯಾಬಿನ ಅಂಕಿ ಹೋಲಿಸುವಾಗ ಮಾಪಕ ನೋಡಿ: ಮಿಲಿಲೀಟರಿಗೆ 1 ನ್ಯಾನೊಗ್ರಾಂ ಎಂದರೆ ಲೀಟರಿಗೆ ಸುಮಾರು 7 ಪೈಕೊಮೋಲ್. ಅಂಕಿ ಕಡಿಮೆ ಎಂದರೆ ಬಂಜೆತನ ಎಂದಲ್ಲ. ಅದು ಹೇಳುವುದು ಸಂಖ್ಯೆಯನ್ನು. ಗುಣಮಟ್ಟ ಹೆಚ್ಚಾಗಿ ವಯಸ್ಸಿನ ಮೇಲೆ.

ಹಾಗೆಂದು ಆಪರೇಶನ್ನೇ ಬೇಡವೆಂದು ಮನೆಯಲ್ಲಿ ಕೂರುವುದೂ ತಪ್ಪು. ಮಾತ್ರೆಗೆ ಬಗ್ಗದ ನೋವು, ಬೆಳೆಯುತ್ತಲೇ ಇರುವ ಗಡ್ಡೆ, ಸ್ಕ್ಯಾನ್‌ನಲ್ಲಿ ಅನುಮಾನದ ಗುರುತು, ಇವಿದ್ದರೆ ಮಾಡಿಸಲೇಬೇಕಾದೀತು. ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ನೋಡುವ ಸಿಎ-125 ರಕ್ತಪರೀಕ್ಷೆಯ ಅಂಕಿ ಒಂದೇ ಏರಿದ್ದಕ್ಕೆ ಕ್ಯಾನ್ಸರ್ ಎಂದು ಅಳಬೇಡಿ, ಚಾಕೊಲೇಟ್ ಸಿಸ್ಟ್‌ನಲ್ಲೂ ಅದು ಏರುತ್ತದೆ. ಗಡ್ಡೆ ಎರಡೂ ಬದಿಗಿದ್ದು ಎ.ಎಂ.ಎಚ್. ಆಗಲೇ ಕಡಿಮೆಯಿದ್ದರೆ, ಅಂಡಾಣು ಶೇಖರಿಸಿಡುವ ಮಾತನ್ನು ಆಪರೇಶನ್‌ಗೆ ಮುಂಚೆಯೇ ಎತ್ತಿ. ಕೃತಕ ಗರ್ಭಧಾರಣೆ ಕುರಿತ 2021ರ ಎ.ಆರ್.ಟಿ. ಕಾಯ್ದೆ 10 ವರ್ಷ ಇಡಲು ಅವಕಾಶ ಕೊಟ್ಟಿದೆ. ಅಂಡಾಶಯ ತಿರುಚಿಕೊಂಡು ದಿಢೀರ್ ನೋವು, ವಾಂತಿ ಶುರುವಾದರೆ ಮಾತ್ರ ಈ ಲೆಕ್ಕ ಯಾವುದೂ ಬೇಡ, ಆ ರಾತ್ರಿಯೇ ಹೊರಡಿ.

ಇನ್ನು ಮದುವೆ ಗೊತ್ತಾಗುತ್ತಲೇ ಬೀಗರಿಗೆ ತಿಳಿಯಬಾರದೆಂದು ಆಪರೇಶನ್ ಫೈಲು ಹರಿದೊಗೆಯುವ ಮನೆಗಳಿವೆ. ಬೀಗರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಡಿಸ್ಚಾರ್ಜ್ ಕಾರ್ಡ್, ಆಪರೇಶನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಹಳೆಯ ಎ.ಎಂ.ಎಚ್., ಇಷ್ಟನ್ನು ಹುಡುಗಿಯ ಕೈಗೇ ಕೊಡಿ. ಯಾವ ಬದಿ, ಎಷ್ಟು ತೆಗೆದರು, ಸುಟ್ಟರೋ ಹೊಲಿದರೋ ಗೊತ್ತಿಲ್ಲದೆ ಎರಡನೇ ಆಪರೇಶನ್ ಬೇಕೋ ಬೇಡವೋ ಎಂದು ಮುಂದಿನ ಡಾಕ್ಟರು ಹೇಗೆ ಹೇಳಬೇಕು?