ಐದು ವರ್ಷದ ಮಗು ತೆಳ್ಳಗಿದ್ದರೆ ಗಾಬರಿ ಬೇಡ

ಮೂರು ವರ್ಷ ದಾಟಿದ ಮಗುವನ್ನು ಕಂಡ ನೆಂಟರು ಮೊದಲು ಹೇಳುವುದು, "ಅಯ್ಯೋ, ಎಷ್ಟು ಸೊರಗಿಬಿಟ್ಟಿದೆ!" ಅಂದಿನಿಂದ ತಾಯಿಗೆ ಚಿಂತೆ ಶುರು. ಹಾಲಿಗೆ ಸಿಹಿ ಪುಡಿ ಬೆರೆಸುತ್ತಾರೆ, ಮೊಬೈಲ್ ತೋರಿಸಿ ತುತ್ತಿಡುತ್ತಾರೆ. ಆದರೆ ಆ ವಯಸ್ಸಿನಲ್ಲಿ ಮಗು ತೆಳ್ಳಗಾಗುವುದು ಸಹಜ.

ಹುಟ್ಟಿದಾಗ ಸುಮಾರು 50 ಸೆಂ.ಮೀ. ಇದ್ದ ಮಗು ಮೊದಲ ವರ್ಷದಲ್ಲೇ 25 ಸೆಂ.ಮೀ. ಬೆಳೆಯುತ್ತದೆ. ಎರಡನೇ ವರ್ಷ 12ರ ಆಸುಪಾಸು. ಐದರ ಹೊತ್ತಿಗೆ ವರ್ಷಕ್ಕೆ 6-7 ಅಷ್ಟೇ. ಬೆಳೆಯುವ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ, ಅಲ್ವಾ? ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಒಂದು ವರ್ಷದಲ್ಲಿ 17ರ ಹತ್ತಿರ ಇರುತ್ತದೆ, ಐದರಲ್ಲಿ 15ರ ಹತ್ತಿರ ಬರುತ್ತದೆ. ಐದಾರು ವರ್ಷಕ್ಕೆ ಮತ್ತೆ ಏರತೊಡಗುತ್ತದೆ. ಈ ಏರಿಕೆ ಬೇಗ ಶುರುವಾದ ಮಕ್ಕಳಲ್ಲಿ ಮುಂದೆ ಮೈ ಜಾಸ್ತಿ ಬರುತ್ತದೆ ಎಂದು ಫ್ರಾನ್ಸಿನ ಸಂಶೋಧಕರು 1984ರಲ್ಲೇ ತೋರಿಸಿದ್ದರು.

ನಮಗೆ ಇದು ಇನ್ನೂ ಮುಖ್ಯ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಹುಟ್ಟಿದ ಕೂಸುಗಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಅಳೆದು, ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದರು. ನಮ್ಮವು ತೂಕದಲ್ಲಿ ಕಡಿಮೆ, ತೋಳೂ ಸಣ್ಣ. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಹೆಚ್ಚುಕಡಿಮೆ ಅವರಷ್ಟೇ! ಅಂದರೆ ಸಣ್ಣಗೆ ಕಾಣುವ ಮೈಯಲ್ಲೂ ಕೊಬ್ಬಿನ ಪಾಲು ದೊಡ್ಡದು.

ದೆಹಲಿಯಲ್ಲಿ ಹುಟ್ಟಿನಿಂದಲೇ ಅಳೆಯುತ್ತ ಬಂದ ಸುಮಾರು 1,500 ಮಂದಿಯನ್ನು 26-32ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದ ವರದಿ 2004ರಲ್ಲಿ ಬಂತು. ಸಕ್ಕರೆ ಕಾಯಿಲೆ ಅಥವಾ ಅದರ ಮುನ್ಸೂಚನೆ ಇದ್ದವರು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಬೇಗ ಬೇಗ ಮೈ ಏರಿಸಿಕೊಂಡವರು. 12ನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರಿಗೂ ಬೊಜ್ಜು ಇರಲಿಲ್ಲ! ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ. ಕಣ್ಣಿಗೆ "ಈಗ ಚೆನ್ನಾಗಿದ್ದಾನೆ" ಅನ್ನಿಸುವ ಮಗುವಿನಲ್ಲೂ ಅಪಾಯ ಬೆಳೆಯುತ್ತಿರಬಹುದು.

ಹಾಗಂತ ಊಟಕ್ಕೆ ಕತ್ತರಿ ಹಾಕುವಂತಿಲ್ಲ. ಐದು ವರ್ಷದೊಳಗಿನ ನಮ್ಮ ರಾಜ್ಯದ ಮಕ್ಕಳಲ್ಲಿ 35.4% ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ ಎನ್ನುತ್ತದೆ 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಮೊದಲ ಎರಡು ವರ್ಷ ಎದೆಹಾಲು, ಆರು ತಿಂಗಳಾದ ಮೇಲೆ ಅದರ ಜೊತೆಗೆ ಬೇಳೆ, ಮೊಟ್ಟೆ, ಸೊಪ್ಪು, ರಾಗಿ ಧಾರಾಳವಾಗಿ ಸಿಗಲಿ. ಮೂಳೆ, ಸ್ನಾಯು ಕಟ್ಟುವ ಹೊತ್ತು ಅದು. ಆಮೇಲೆ ತಟ್ಟೆಗೆ ಏನು ಬಡಿಸಬೇಕು ಎಂದು ನಾವು ನಿರ್ಧರಿಸೋಣ, ಎಷ್ಟು ತಿನ್ನಬೇಕು ಎಂದು ಮಗು ನಿರ್ಧರಿಸಲಿ. ಸಾಕು ಎಂದು ಮುಖ ತಿರುಗಿಸಿದರೆ ಸುಮ್ನೆ ಬಿಟ್ಟುಬಿಡಿ. ಪರದೆ ನೋಡುತ್ತ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ.

ನೆಂಟರ ಕಣ್ಣಿಗಿಂತ ಅಂಗನವಾಡಿಯ ತಕ್ಕಡಿ, ಎತ್ತರದ ಪಟ್ಟಿ ವಾಸಿ. ತಾಯಿ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆ ತೋರಿಸುವ ಗೆರೆ ತನ್ನ ದಾರಿಯಲ್ಲೇ ಏರುತ್ತಿದ್ದರೆ ತೆಳ್ಳಗಿದ್ದರೂ ಚಿಂತೆಯಿಲ್ಲ. ಗೆರೆ ಚಪ್ಪಟೆಯಾದರೆ, ಎತ್ತರ ನಿಂತರೆ, ಅಥವಾ ತೂಕ ಮಾತ್ರ ಜಿಗಿದರೆ ಡಾಕ್ಟರಿಗೆ ತೋರಿಸಿ. ತೂಕ ಆಗಲೇ ಜಾಸ್ತಿಯಾಗಿರುವ ಮಗುವಿಗೂ ಉಪವಾಸ ಬೇಡ. ಸಿಹಿ ಪಾನೀಯ, ಬಿಸ್ಕತ್ತು ಬಿಡಿಸಿ, ದಿನಕ್ಕೆ ಒಂದು ಗಂಟೆಯಾದರೂ ಬೆವರುವಂತೆ ಆಡಲು ಬಿಡಿ. ಬಹಳಷ್ಟು ಮಕ್ಕಳಲ್ಲಿ ತೂಕ ಇಳಿಸಬೇಕಾಗಿಯೇ ಇಲ್ಲ. ಅದು ಇದ್ದಲ್ಲೇ ನಿಂತರೆ ಎತ್ತರ ಬೆಳೆದು ಸರಿಹೋಗುತ್ತದೆ.