ಮೆಡಿಕಲ್ ಬೋರ್ಡ್ ‘ನಷ್ಟ ಶೂನ್ಯ’ ಎಂದರೆ ವಕೀಲರನ್ನು ಹಿಡಿಯಬೇಕೇ?

ಪ್ರಶ್ನೆ: ನನ್ನ ಅಣ್ಣ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆ ಭಟ್ಟರು. ಹಿಟ್ಟು ರುಬ್ಬುವಾಗ ಬಲಗೈ ಗ್ರೈಂಡರಿಗೆ ಸಿಕ್ಕಿತು. ಬೆರಳು ತುಂಡಾಗಲಿಲ್ಲ, ಆದರೆ ತೋರುಬೆರಳು ಮತ್ತು ನಡುಬೆರಳು ಈಗ ಮಡಚುವುದೇ ಇಲ್ಲ. ರಜೆಯಲ್ಲಿದ್ದಷ್ಟು ದಿನ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಣ ಬಂತು. ಕಾಯಂ ಪಿಂಚಣಿ ಕೇಳಿದಾಗ ಮೆಡಿಕಲ್ ಬೋರ್ಡ್ ಕೈ ನೋಡಿ ‘ಗಳಿಕೆ ಸಾಮರ್ಥ್ಯದ ನಷ್ಟ ಇಲ್ಲ’ ಎಂದು ಬರೆದಿದೆ. ಮೇಲ್ಮನವಿಗೆ ವಕೀಲರು ಬೇಕೇ? ಅವರಿಗೆ ಕೊಡುವ ದುಡ್ಡಿಗೆ ಬೆಲೆ ಸಿಗುತ್ತದೆಯೇ?

ಉತ್ತರ: ನಿಮ್ಮ ಅಣ್ಣನ ಪ್ರಕರಣದಲ್ಲಿ ವಕೀಲರು ಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅವರು ಬೇಕಾಗಿರುವುದು ಕೋರ್ಟಿನಲ್ಲಿ ದನಿ ಎತ್ತಿ ವಾದಿಸುವುದಕ್ಕಲ್ಲ, ಮೇಲ್ಮನವಿಯ ಜೊತೆ ಯಾವ ಕಾಗದ ಹೋಗಬೇಕು ಎಂದು ತೀರ್ಮಾನಿಸುವುದಕ್ಕೆ. ಇಂಥ ಪ್ರಕರಣಗಳು ಹೆಚ್ಚಾಗಿ ಸೋಲುವುದು ಕಾಗದ ಸಾಲದೆ.

ಮೊದಲು ಕೈಗೆ ಬಂದ ಪತ್ರವನ್ನು ಇನ್ನೊಮ್ಮೆ ಓದಿ. ಇಎಸ್‌ಐ ‘ಇಲ್ಲ’ ಎನ್ನುವುದರಲ್ಲಿ ಎರಡು ಬಗೆ. ‘ಇದು ಕೆಲಸದ ವೇಳೆಯ ಅಪಘಾತವೇ ಅಲ್ಲ’ ಎಂಬುದು ಒಂದು. ಅದು ಇಎಸ್‌ಐ ನಿಗಮದ ತೀರ್ಮಾನ, ಅದನ್ನು ಪ್ರಶ್ನಿಸಬೇಕಾದ್ದು ಕಾರ್ಮಿಕ ವಿಮಾ ನ್ಯಾಯಾಲಯದಲ್ಲಿ. ‘ಅಪಘಾತ ನಿಜ, ಆದರೆ ಶಾಶ್ವತ ನಷ್ಟವಿಲ್ಲ’ ಅಥವಾ ‘ನಷ್ಟ ಇಷ್ಟೇ’ ಎಂಬುದು ಇನ್ನೊಂದು. ಇದು ವೈದ್ಯರ ಮಂಡಳಿಯ ತೀರ್ಮಾನ. ಇದಕ್ಕೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೇ ನೇರವಾಗಿ ವಿಮಾ ನ್ಯಾಯಾಲಯಕ್ಕೇ ಹೋಗಬಹುದು. ನ್ಯಾಯಮಂಡಳಿಯಲ್ಲಿ ಸೋತರೆ ಮುಂದೆ ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ. ನೇರವಾಗಿ ನ್ಯಾಯಾಲಯಕ್ಕೆ ಹೋದರೆ ನಡುವಿನ ಆ ಮೆಟ್ಟಿಲು ತಪ್ಪುತ್ತದೆ. ನಿಮ್ಮದು ಎರಡನೆಯ ಬಗೆ. ತಾತ್ಕಾಲಿಕ ಭತ್ಯೆ ಕೊಟ್ಟಿದ್ದಾರೆ ಎಂದರೆ ಅಪಘಾತವನ್ನು ಒಪ್ಪಿಕೊಂಡಿದ್ದಾರೆ ಎಂದೇ ಲೆಕ್ಕ.

ವೈದ್ಯರ ಮಂಡಳಿಯ ವಿರುದ್ಧದ ಮೇಲ್ಮನವಿಗೆ ತೀರ್ಮಾನ ತಿಳಿಸಿದ ದಿನದಿಂದ ಮೂರು ತಿಂಗಳ ಗಡುವು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಿ ಎಂದು ಕೇಳಬಹುದು, ಆದರೆ ‘ಊರಿಗೆ ಹೋಗಿದ್ದೆವು’ ಎಂಬುದು ತಕ್ಕ ಕಾರಣವಲ್ಲ. ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯೇ ನಿಮ್ಮ ದಿನಾಂಕಕ್ಕೆ ಸಾಕ್ಷಿ.

ಅಪಘಾತ ಯಾವಾಗ ಆಯಿತು ಎಂದು ನೀವು ಬರೆದಿಲ್ಲ. ಅದು ಮುಖ್ಯ. 1948ರ ಇಎಸ್‌ಐ ಕಾಯ್ದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ನಾನು ಇಲ್ಲಿ ಹೇಳುತ್ತಿರುವುದು ಹಳೆಯ ಕಾಯ್ದೆಯ ಕಾಲದ ಅಪಘಾತಕ್ಕೆ ಸಂಬಂಧಿಸಿದ್ದು. ಆಮೇಲಿನದಾದರೆ ಯಾವ ಕಲಮು, ಯಾವ ನಿಯಮ ಎಂಬುದನ್ನು ವಕೀಲರು ಮೊದಲು ನೋಡಿಕೊಳ್ಳಬೇಕು. ಹೊಸ ಸಂಹಿತೆಯ ಹೆಸರು ಹೇಳಿದಾಗ ಕಣ್ಣು ಕಣ್ಣು ಬಿಡುವ ವಕೀಲರಿಂದ ನಯವಾಗಿ ಎದ್ದು ಬನ್ನಿ.

ಇನ್ನು ನಿಜವಾದ ವಿಷಯ. ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಗಾಯಗಳ ಪಟ್ಟಿಯಿದೆ. ಒಂದು ಕೈಯ ಹೆಬ್ಬೆರಳು ಹೋದರೆ ಶೇ. 30, ಎರಡು ಬೆರಳು ಹೋದರೆ ಶೇ. 20, ನಾಲ್ಕು ಬೆರಳು ಹೋದರೆ ಶೇ. 50 ಎಂದು ಅಲ್ಲಿ ಮೊದಲೇ ನಿಗದಿಯಾಗಿದೆ. ‘ನಮ್ಮವನ ಬೆರಳು ಹೋಗಿಲ್ಲವಲ್ಲ, ಇದ್ದಲ್ಲೇ ಇದೆ’ ಎಂದು ಹಲವರು ಇಲ್ಲಿಗೇ ಕೈ ಬಿಡುತ್ತಾರೆ. ಅದೇ ಅನುಸೂಚಿಯ ಕೊನೆಯಲ್ಲಿ ಒಂದು ಟಿಪ್ಪಣಿಯಿದೆ. ಅಂಗದ ಉಪಯೋಗ ಸಂಪೂರ್ಣವಾಗಿ ಮತ್ತು ಶಾಶ್ವತವಾಗಿ ಹೋಗಿದ್ದರೆ ಆ ಅಂಗವೇ ಹೋದಂತೆ ಎಂದು ಭಾವಿಸಬೇಕು ಎನ್ನುತ್ತದೆ ಅದು. ನಿಮ್ಮ ಅಣ್ಣನ ಮೇಲ್ಮನವಿ ನಿಲ್ಲಬೇಕಾದ್ದು ಈ ಒಂದು ಸಾಲಿನ ಮೇಲೆ. ಬೆರಳುಗಳು ಸ್ವಲ್ಪ ಮಟ್ಟಿಗೆ ಆಡುತ್ತವೆ ಎಂದಾದರೆ ಪೂರ್ತಿ ಶೇ. 20 ಸಿಗಲಿಕ್ಕಿಲ್ಲ, ಆದರೂ ಶೂನ್ಯ ಎನ್ನುವುದಕ್ಕೆ ಮಂಡಳಿ ಕಾರಣ ಕೊಡಬೇಕಾಗುತ್ತದೆ.

ಅದನ್ನು ತೋರಿಸುವುದು ಹೇಗೆ? ‘ಕೈ ನೋಯುತ್ತದೆ ಸಾಹೇಬರೇ’ ಎಂದರೆ ಸಾಲದು, ಅಳತೆ ಬೇಕು. ಕೈಯ ಶಸ್ತ್ರಚಿಕಿತ್ಸೆ ಬಲ್ಲ ಮೂಳೆ ವೈದ್ಯರಿಂದ, ಸಾಧ್ಯವಾದರೆ ಕೆಇಎಂ, ಸಯನ್, ನಾಯರ್, ಕೂಪರ್‌ನಂಥ ಪಾಲಿಕೆಯ ದೊಡ್ಡ ಆಸ್ಪತ್ರೆಯಲ್ಲಿ ವರದಿ ಮಾಡಿಸಿ. ಪ್ರತಿ ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಎರಡೂ ಕೈಗಳ ಹಿಡಿತದ ಬಲ ಯಂತ್ರದಲ್ಲಿ ಎಷ್ಟು ಬಂತು, ಚಿಕಿತ್ಸೆಯಿಂದ ಇನ್ನು ಸುಧಾರಿಸುವುದೇ ಇಲ್ಲವೇ, ಈ ಮೂರೂ ಅದರಲ್ಲಿರಬೇಕು. ಜೊತೆಗೆ ಕೆಲಸವೇನು ಎಂಬುದನ್ನು ಬಿಡಿಸಿ ಹೇಳುವ ಕಾಗದವೂ ಬೇಕು. ‘ಹೋಟೆಲ್ ಕೆಲಸಗಾರ’ ಎಂದು ಬರೆದರೆ ಮುಂಬಯಿಯ ಅಧಿಕಾರಿಯ ಕಣ್ಣಿಗೆ ಟೇಬಲ್ ಒರೆಸುವವರೂ ಗಲ್ಲಾದಲ್ಲಿ ಕೂರುವವರೂ ಒಂದೇ. ದೋಸೆ ಹುಯ್ಯುವವರು ಬಟ್ಟಲಿನ ತಳವನ್ನು ಕಾವಲಿಯ ಮೇಲೆ ಹಗುರಾಗಿ ತಿರುಗಿಸುವುದು ಹೆಬ್ಬೆರಳು ಮತ್ತು ಈ ಎರಡು ಬೆರಳುಗಳ ಹಿಡಿತದಲ್ಲಿ. ತಿರುವುಗೋಲು ಹಿಡಿಯುವುದೂ ಹಾಗೆಯೇ. ಬೆರಳು ಮಡಚದಿದ್ದರೆ ಬಟ್ಟಲು ಜಾರುತ್ತದೆ, ಹಿಟ್ಟು ಒಂದೆಡೆ ದಪ್ಪ, ಒಂದೆಡೆ ತೂತು. ಇದನ್ನು ಮಾಲೀಕರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಅದರ ತೂಕವೇ ಬೇರೆ.

ಮಂಡಳಿಯ ಮುಂದೆ ನಮ್ಮವರು ಮಾಡುವ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ‘ಕಾಮ್ ಕರ್ ಸಕತೇ ಹೋ?’ ಎಂದು ವೈದ್ಯರು ಕೇಳುತ್ತಾರೆ. ಕೆಲಸ ಹೋದೀತು ಎಂಬ ಅಂಜಿಕೆಯಿಂದಲೋ, ಇಲ್ಲ ಎನ್ನಲು ನಾಚಿಕೆಯಿಂದಲೋ ‘ಹಾಂ ಸಾಬ್’ ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ತಟ್ಟೆ ಎತ್ತುವ ಕೆಲಸ, ಕಾಗದದಲ್ಲಿ ದಾಖಲಾಗುವುದು ‘ಹಿಂದಿನ ಕೆಲಸಕ್ಕೆ ಸಮರ್ಥ’ ಎಂದು. ಮನೆಯಲ್ಲಿ ತುಳುವೋ ಕನ್ನಡವೋ ಆಡುವವರು ಹಿಂದಿಯಲ್ಲಿ ಒಂದೇ ಮಾತಿಗೆ ಮುಗಿಸಿದರೆ ಹೀಗಾಗುತ್ತದೆ. ಅಂದಹಾಗೆ, ಕೆಲಸಕ್ಕೆ ಮರಳಿದವರಿಗೆ ಕಾಯಂ ಭತ್ಯೆ ಇಲ್ಲ ಎಂಬುದು ಬರೀ ಗಾಳಿಮಾತು. ದುಡಿಯುತ್ತಲೇ ಅದನ್ನು ಪಡೆಯಬಹುದು.

ಮಂಡಳಿಯ ನಡಾವಳಿಯ ಹಾಳೆ ನಿಮ್ಮ ಹತ್ತಿರ ಇಲ್ಲದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. ಉತ್ತರಕ್ಕೆ 30 ದಿನಗಳ ಅವಧಿ ಇದೆ. ಅದು ಬರಲಿ ಎಂದು ಮೇಲ್ಮನವಿಯನ್ನು ತಡೆಹಿಡಿಯಬೇಡಿ, ಮೊದಲು ಸಲ್ಲಿಸಿ, ಹಾಳೆ ಬಂದ ಮೇಲೆ ಸೇರಿಸಿ. ಹೋಟೆಲಿನವರು ಕಳಿಸಿದ ಅಪಘಾತ ವರದಿ, ಅಂದರೆ ಫಾರಂ 12ರ ಪ್ರತಿಯೂ ಬೇಕು. ಇವನ್ನೆಲ್ಲ ಮೊದಲ ಹಂತದಲ್ಲೇ ಹಾಕಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿಮಾ ನ್ಯಾಯಾಲಯದ ಆದೇಶದ ಮೇಲೆ 60 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದಾದರೂ ಅಲ್ಲಿ ನಡೆಯುವುದು ಗಣನೀಯ ಕಾನೂನು ಪ್ರಶ್ನೆಯ ವಾದ ಮಾತ್ರ. ಬೆರಳು ಎಷ್ಟು ಮಡಚುತ್ತದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ.

ವಕೀಲರಿಗೆ ಕೊಡುವ ದುಡ್ಡಿಗೆ ಬೆಲೆ ಇದೆಯೇ ಎಂದು ಕೇಳಿದ್ದೀರಿ, ಲೆಕ್ಕ ಹಾಕೋಣ. ದಿನದ ಸರಾಸರಿ ಕೂಲಿ 600 ರೂಪಾಯಿ ಎಂದುಕೊಳ್ಳಿ. ಪೂರ್ಣ ದರ ಅದರ ಶೇ. 90, ಅಂದರೆ 540. ನಷ್ಟ ಶೇ. 5 ಎಂದರೆ ದಿನಕ್ಕೆ 27 ರೂಪಾಯಿ, ತಿಂಗಳಿಗೆ 810. ಶೇ. 20 ಎಂದರೆ ದಿನಕ್ಕೆ 108, ತಿಂಗಳಿಗೆ 3,240. ಶಾಶ್ವತ ನಷ್ಟ ಎಂದು ಅಂತಿಮವಾಗಿ ತೀರ್ಮಾನವಾದರೆ ಇದು ಜೀವನಪರ್ಯಂತ ಬರುವ ಹಣ. ಶೇ. 18 ಸಿಕ್ಕಿ 20 ಬೇಕೆಂದು ಹೋರಾಡುವವರಿಗೆ ವಕೀಲರ ಶುಲ್ಕ ಭಾರವಾದೀತು. ಶೂನ್ಯದಿಂದ ಏಳಬೇಕಾದವರಿಗೆ ಹಾಗಲ್ಲ.

ಶುಲ್ಕದ ಬಗ್ಗೆ ಇನ್ನೊಂದು ಎಚ್ಚರ. ‘ಗೆದ್ದರೆ ಬಂದದ್ದರಲ್ಲಿ ಇಷ್ಟು ಪಾಲು ಕೊಡಿ, ಸೋತರೆ ಏನೂ ಬೇಡ’ ಎನ್ನುವವರು ಆಸ್ಪತ್ರೆ, ಕಚೇರಿಗಳ ಸುತ್ತ ಸಿಗುತ್ತಾರೆ. ಫಲಿತಾಂಶಕ್ಕೆ ಗಂಟು ಹಾಕಿದ ಶುಲ್ಕವನ್ನು ವಕೀಲರು ಗೊತ್ತುಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಹಾಗೆ ಕೇಳಿದವರು ಒಂದೋ ವಕೀಲರಲ್ಲ, ಇಲ್ಲವೇ ನಿಯಮ ಮೀರುವ ವಕೀಲರು. ಇಬ್ಬರೂ ಬೇಡ. ಇನ್ನು ಕೆಲವರು ಇಎಸ್‌ಐ ಕಾರ್ಡ್ ಇದೆಯೇ ಎಂದೂ ಕೇಳದೆ ಮಾಲೀಕರ ಮೇಲೆ ನೌಕರರ ಪರಿಹಾರ ಕಾಯ್ದೆಯಡಿ ದೊಡ್ಡ ಮೊತ್ತದ ದಾವೆ ಹೂಡಿಸುತ್ತಾರೆ. ಇಎಸ್‌ಐ ವ್ಯಾಪ್ತಿಯಲ್ಲಿದ್ದವರಿಗೆ ಅದೇ ಗಾಯಕ್ಕೆ ಆ ದಾರಿ ಮುಚ್ಚಿದೆ. ದಾವೆ ಬಿದ್ದುಹೋಗುತ್ತದೆ, ಅಷ್ಟರಲ್ಲಿ ಮೂರು ತಿಂಗಳೂ ಕಳೆದಿರುತ್ತವೆ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಗೊಂದಲವೂ ಪದೇ ಪದೇ ಕಾಣುತ್ತದೆ. ಅಂಗವಿಕಲರ ಪ್ರಮಾಣಪತ್ರದ ಶೇ. 40ರ ಮಿತಿ ಬೇರೆ ಸೌಲಭ್ಯಗಳಿಗೆ. ಇಎಸ್‌ಐ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ಶೇ. 40 ಇಲ್ಲವೆಂದು ಯಾರಾದರೂ ಹಿಂದೆ ಕಳಿಸಿದರೆ ನಂಬಬೇಡಿ.

ಹಣವೇ ಇಲ್ಲ ಎಂದಾದರೆ ಉಚಿತ ಕಾನೂನು ನೆರವು ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಂಗವಿಕಲರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯ ಎಷ್ಟೆಂದು ನೋಡದೆ ವಕೀಲರನ್ನು ಕೊಡಬೇಕು. 15100ಕ್ಕೆ ಕರೆ ಮಾಡಿ ಜಿಲ್ಲಾ ಪ್ರಾಧಿಕಾರದ ಕಚೇರಿ ಎಲ್ಲಿದೆ ಎಂದು ಕೇಳಿಕೊಳ್ಳಿ. ಅಣ್ಣ ಯಾವುದಾದರೂ ಸಂಘದ ಸದಸ್ಯರಾಗಿದ್ದರೆ ಇನ್ನೊಂದು ದಾರಿ ಇದೆ: ವಿಮಾ ನ್ಯಾಯಾಲಯದಲ್ಲಿ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ಕಾರ್ಮಿಕರ ಪರವಾಗಿ ಹಾಜರಾಗಬಹುದು. ಬರೆದು ಪಳಗಿದ ಪದಾಧಿಕಾರಿ ಎಷ್ಟೋ ಸಲ ಹೊಸ ವಕೀಲರಿಗಿಂತ ವಾಸಿ.

ಯಾರ ಬಳಿ ಹೋದರೂ ಮೂಲ ಎಕ್ಸ್-ರೇಗಳನ್ನು ಕೊಡಬೇಡಿ, ಪ್ರತಿ ಮಾಡಿಸಿ ಕೊಡಿ. ವಕಾಲತ್ತಿಗೆ ಸಹಿ ಹಾಕುವಾಗ ಅದರ ಜೊತೆ ಬರುವ ಖಾಲಿ ಹಾಳೆಗಳಿಗೆ ಸಹಿ ಹಾಕಬೇಡಿ. ಮಂಡಳಿಯ ಪತ್ರ ಅಣ್ಣನ ಕೈಗೆ ಬಂದ ತಾರೀಖನ್ನು ಮೊದಲ ಭೇಟಿಯಲ್ಲೇ ಹೇಳಿ.