ಖಾಲಿ ಬೀಚು ಖಾಲಿ ಯಾಕೆ?

"ಜನ ಇಲ್ಲದ ಬೀಚ್ ಬೇಕು ಮಾರಾಯ್ರೆ." ಉಡುಪಿಯಲ್ಲಿ ಟೂರ್ ಆಫೀಸ್ ಇಟ್ಟು 22 ವರ್ಷ ಆಯಿತು, ಈ ಮಾತು ಕೇಳದ ವಾರ ಇಲ್ಲ. ತಮಾಷೆ ಎಂದರೆ ಹೆಚ್ಚಿನವರು ಇದನ್ನು ಹೇಳುವುದು ಡಿಸೆಂಬರ್ 25ಕ್ಕೆ ಪೋರ್ಟ್ ಬ್ಲೇರ್ ಟಿಕೆಟ್ ಮಾಡಿಸಿ ಆದ ಮೇಲೆ. (ಊರಿನ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಆಗಿದೆ. ಕೌಂಟರಿನಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಪೋರ್ಟ್ ಬ್ಲೇರೇ.)

ನಿಜವಾಗಿ ನೋಡಿದರೆ ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಭಾನುವಾರ ಸಂಜೆ ಸುಮ್ಮನೆ ಕೂತು ಬರುವ ಮನಸ್ಸಾದರೆ ಉಡುಪಿಯವರು ಮಲ್ಪೆ ಬೀಚಿಗೆ ಹೋಗುವುದಿಲ್ಲ. ಸೇತುವೆ ದಾಟಿ ಪಡುಕರೆಗೆ ಹೋಗುತ್ತಾರೆ, ಇನ್ನೂ ತೆಂಕಕ್ಕೆ ಮಟ್ಟುವಿಗೆ ಹೋಗುತ್ತಾರೆ. ಅಲ್ಲಿನ ಗುಳ್ಳ (ಬದನೆ) ಸಿಗುವ ಕಾಲವಾದರೆ ಒಂದೆರಡು ಕಿಲೋ ಹಿಡಿದುಕೊಂಡು ಬರುತ್ತಾರೆ. ಮಲ್ಪೆಗೇ ಹೋದರೂ ಬಡಗು ಮುಖ ಮಾಡಿ ತೊಟ್ಟಂ ಕಡೆ ಹತ್ತು ನಿಮಿಷ ನಡೆಯುತ್ತಾರೆ. ಚರುಮುರಿ ಗಾಡಿ ಮುಗಿದಲ್ಲಿ ಜನವೂ ಮುಗಿಯುತ್ತದೆ. ಇಷ್ಟೆಲ್ಲ ಗೊತ್ತಿದ್ದವರೇ ಅಂಡಮಾನ್‌ಗೆ ಹೋದ ಕೂಡಲೇ ಪ್ಯಾಕೇಜಿನ ಹಾಳೆ ಹಿಡಿದು ಎಲ್ಲರ ಹಿಂದೆ ಸಾಲು ನಿಲ್ಲುತ್ತಾರೆ.

ಹಾಗಾಗಿ ನಾನು ಮೊದಲು ಕೇಳುವುದು ಬೀಚಿನ ಹೆಸರಲ್ಲ. ಅದು ಖಾಲಿ ಇದ್ದರೆ ಯಾಕೆ ಖಾಲಿ ಎಂದು ಕೇಳುತ್ತೇನೆ. ಕಾರಣ ಹೊತ್ತು, ದೂರ, ವಾರ ಇಂಥದ್ದಾದರೆ ಧಾರಾಳ ಹೋಗಬಹುದು. ಕಾರಣ ನೀರಿನಲ್ಲೇ ಇದ್ದರೆ ಲೆಕ್ಕ ಬೇರೆ.

ಹೊತ್ತಿನ ವಿಷಯ ಸುಲಭ. ಹ್ಯಾವ್ಲಾಕ್‌ನ (ಅಂಡಮಾನ್‌ನ ಈ ದ್ವೀಪದ ಹೆಸರು 2018ರಿಂದ ಸ್ವರಾಜ್ ದ್ವೀಪ) ರಾಧಾನಗರ ಬೀಚು ಪಡುವಣಕ್ಕೆ ಮುಖ ಮಾಡಿದೆ. ಸೂರ್ಯಾಸ್ತ ಚಂದ, ಹಾಗಾಗಿ ಎಲ್ಲ ಪ್ಯಾಕೇಜಿನಲ್ಲೂ ಅದಕ್ಕೆ ಬರೆದಿರುವುದು ಸಂಜೆ. ಮಧ್ಯಾಹ್ನ ಮೂರು ಗಂಟೆಗೆ ಟ್ಯಾಕ್ಸಿಗಳು ಸಾಲುಗಟ್ಟುತ್ತವೆ. ಮೂಡಣಕ್ಕಿರುವ ಕಾಲಾಪತ್ಥರ್‌ಗೆ ಸೂರ್ಯೋದಯ ನೋಡುವವರ ಗುಂಪು. ಎರಡನ್ನೂ ಅದಲುಬದಲು ಮಾಡಿ: ಬೆಳಿಗ್ಗೆ ಆರಕ್ಕೆ ರಾಧಾನಗರ, ಸಂಜೆ ಕಾಲಾಪತ್ಥರ್. ಸೂರ್ಯಾಸ್ತವನ್ನು ನಾವು ಇಲ್ಲಿ ಕಾಪು ಲೈಟ್‌ಹೌಸಿನ ಬುಡದಲ್ಲಿ ಕೂತು ಪುಕ್ಕಟೆ ನೋಡುವವರು, ಅದಕ್ಕಾಗಿ ಅಷ್ಟು ದೂರ ಹೋಗಬೇಕೆಂದು ನನಗೆ ಯಾವತ್ತೂ ಅನಿಸಿಲ್ಲ.

ಆರು ಗಂಟೆ ಅಂದರೆ ಹೆಂಗಸರು ಮುಖ ಸಣ್ಣ ಮಾಡುತ್ತಾರೆ, ಗಂಡಸರು ನೇರ ಇಲ್ಲ ಅನ್ನುತ್ತಾರೆ. ಆದರೆ ಅಲ್ಲಿ ಆರು ಗಂಟೆ ನಮ್ಮ ಆರು ಗಂಟೆ ಅಲ್ಲ. ಉಡುಪಿಗೂ ಪೋರ್ಟ್ ಬ್ಲೇರ್‌ಗೂ ರೇಖಾಂಶದಲ್ಲಿ ಸುಮಾರು 18 ಡಿಗ್ರಿ ವ್ಯತ್ಯಾಸ ಉಂಟು. ಡಿಗ್ರಿಗೆ 4 ನಿಮಿಷದಂತೆ 72 ನಿಮಿಷ. ಗಡಿಯಾರ ಮಾತ್ರ ಒಂದೇ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಆರಕ್ಕೆ ಒಳ್ಳೆ ಬೆಳಕು. ಊಟ ಮಾಡಿ ಮಲಗಿ ನಾಲ್ಕಕ್ಕೆ ಎದ್ದು ಬೀಚಿಗೆ ಹೊರಡುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಇನ್ನು ಭರತ ಇಳಿತ, ಅಂದರೆ ಕಡಲಿನ ನೀರು ಏರುವುದು, ಇಳಿಯುವುದು. ಇದರಲ್ಲಿ ನಾನೇ ಒಮ್ಮೆ ಸರಿಯಾಗಿ ಬಿದ್ದವನು.

ಕುಂದಾಪುರದ ಒಂದು ಕುಟುಂಬವನ್ನು ಅಂಡಮಾನ್‌ನ ನೀಲ್ ದ್ವೀಪಕ್ಕೆ ಕಳುಹಿಸಿದ್ದೆ. ಅಲ್ಲಿ ಕಡಲು ಕೊರೆದು ಮಾಡಿದ ಕಲ್ಲಿನ ಕಮಾನು ಒಂದಿದೆ, ಅದರ ಸುತ್ತ ಹವಳದ ಗುಂಡಿಗಳು. "ಬೆಳಿಗ್ಗೆ ಹತ್ತಕ್ಕೆ ಹೋಗಿ, ಅಷ್ಟರಲ್ಲಿ ಮೊದಲಿನ ಗುಂಪು ಹೊರಟಿರುತ್ತದೆ, ಯಾರೂ ಇರುವುದಿಲ್ಲ" ಎಂದು ಬುದ್ಧಿವಂತನ ಹಾಗೆ ಹೇಳಿ ಕಳುಹಿಸಿದೆ. ಹತ್ತೂಕಾಲಿಗೆ ಆ ಮನೆಯ ಅಕ್ಕನ ಫೋನು. "ಎಂತ ಮಾರಾಯ್ರೆ, ಇಲ್ಲಿ ಹೊಯ್ಗೆಯೂ ಇಲ್ಲೆ, ಕಲ್ಲೂ ಇಲ್ಲೆ, ಬರೀ ನೀರ್!" (ಹೊಯ್ಗೆ ಅಂದರೆ ಮರಳು.) ಹಿಂದಿನ ದಿನ ಹುಣ್ಣಿಮೆ. ಭರತ ತುಂಬಿ ನಿಂತ ಹೊತ್ತು. ನಾನು ಹೇಳಿದ ಹಾಗೆಯೇ ಯಾರೂ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ನಾನು ಕೇಳಿಕೊಂಡಿರಲಿಲ್ಲ ಅಷ್ಟೆ. ಆ ಅಕ್ಕ ಈಗಲೂ ಮದುವೆ ಮನೆಗಳಲ್ಲಿ ಸಿಕ್ಕಿದರೆ "ಬರೀ ನೀರ್" ಎಂದು ನಗಾಡುತ್ತಾರೆ.

ಅವತ್ತಿನಿಂದ ನನ್ನ ಮೇಜಿನ ಮೇಲೆ ಪಂಚಾಂಗ ಉಂಟು. ಗಿರಾಕಿಗಳು ಮುಹೂರ್ತ ನೋಡುವುದಕ್ಕೆ ಅಂದುಕೊಳ್ಳುತ್ತಾರೆ. ಮಲ್ಪೆಯ ಮೀನುಗಾರರು ಬಾಯಿಲೆಕ್ಕದಲ್ಲೇ ಹೇಳುವ ಸಂಗತಿ ಇದು: ಒಂದು ಭರತಕ್ಕೂ ಮುಂದಿನದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನದಿಂದ ದಿನಕ್ಕೆ ಅದು 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ತುಂಬ ಏರುತ್ತದೆ, ತುಂಬ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಒಂದೇ ಜಾಗದಲ್ಲಿ ಹುಣ್ಣಿಮೆಗೆ ಎಷ್ಟು ಗಂಟೆಗೆ ಭರತವೋ ಅಮಾವಾಸ್ಯೆಗೂ ಹೆಚ್ಚುಕಡಿಮೆ ಅದೇ ಗಂಟೆ. ಅಷ್ಟಮಿಗೆ ಆ ಹೊತ್ತಿನಲ್ಲಿ ಇಳಿತ ಇರುತ್ತದೆ. ಮೊಬೈಲಿನಲ್ಲಿ ಟೈಡ್ ಪಟ್ಟಿ ಸಿಗುತ್ತದೆ, ನಿಮಿಷ ತಿಳಿಯಲು ಅದನ್ನೇ ನೋಡಬೇಕು. ಆದರೆ ಆರು ತಿಂಗಳ ಮೊದಲು ಟಿಕೆಟ್ ದಿನ ನಿಶ್ಚಯ ಮಾಡುವಾಗ ತಿಥಿ ಸಾಕು.

ಅಂಡಮಾನ್‌ನಲ್ಲಿ ಹುಣ್ಣಿಮೆಯ ಏರಿಳಿತ ಎರಡು ಮೀಟರ್ ಹತ್ತಿರ ಬರುತ್ತದೆ. ಎರಡು ಮೀಟರ್ ಅಂದರೆ ಎಂತ ಮಹಾ ಅನಿಸಬಹುದು. ಮೂವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು ಇರುವ ಚಪ್ಪಟೆ ದಂಡೆಯಾದರೆ ನೀರಿನ ಅಂಚು ಅರವತ್ತು ಮೀಟರ್ ಹಿಂದೆ ಮುಂದೆ ಹೋಗುತ್ತದೆ. ಬೆಳಿಗ್ಗೆ ಚಾಪೆ ಹಾಸಿದ ಜಾಗದಲ್ಲಿ ಮಧ್ಯಾಹ್ನ ಸೊಂಟದವರೆಗೆ ನೀರು ಬರಬಹುದು.

ಏಕಾಂತ ಬೇಕಾದವರಿಗೆ ಇಳಿತವೇ ಬೀಗದ ಕೈ. ದೊಡ್ಡ ಬೀಚು ಮುಗಿಯುವಲ್ಲಿ ಬಂಡೆಯ ಮೂಗು ಕಡಲಿಗೆ ಚಾಚಿರುತ್ತದಲ್ಲ, ಇಳಿತದಲ್ಲಿ ಅದರ ಬುಡ ಸುತ್ತಿ ಆಚೆ ದಾಟಬಹುದು. ಆಚೆ ಬದಿಯಲ್ಲಿ ಅನೇಕ ಕಡೆ ಒಂದು ಅಂಗಳದಷ್ಟು ಹೊಯ್ಗೆ, ಎರಡು ಬಾಗಿದ ಮರ, ಜನ ಇಲ್ಲ. ಆದರೆ ಹೋಗುವುದು ನೀರು ಇನ್ನೂ ಇಳಿಯುತ್ತಿರುವಾಗ, ತಿರುಗಿ ಹೊರಡುವುದು ಅದು ಏರಲು ಶುರು ಮಾಡಿದ ಕೂಡಲೇ. ನೀರು ಏರುವ ಆರು ಗಂಟೆಯಲ್ಲಿ ಮೊದಲ ಗಂಟೆ ಬಹಳ ನಿಧಾನ, ಹನ್ನೆರಡರಲ್ಲಿ ಒಂದು ಪಾಲು ಅಷ್ಟೆ. ನಡುವಿನ ಎರಡು ಗಂಟೆಯಲ್ಲಿ ಅರ್ಧಕ್ಕರ್ಧ ನೀರು ಬಂದು ಬಿಡುತ್ತದೆ. "ಈಗಷ್ಟೇ ಶುರು ಆಗಿದೆ, ಇನ್ನೊಂದು ಗಂಟೆ ಕೂರುವ" ಅಂದವರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಕಾಲಿಗೆ ಹಳೇ ಕ್ಯಾನ್ವಾಸ್ ಬೂಟಾದರೂ ಬೇಕು, ಹವಳದ ಗಾಯ ಬೇಗ ಒಣಗುವುದಿಲ್ಲ.

ಕಾಲದ ವಿಷಯಕ್ಕೆ ಬಂದರೆ, ನಮ್ಮವರ ರಜೆ ಏಪ್ರಿಲ್ ಮೇಯಲ್ಲಿ. ಶ್ರೀಲಂಕಾಕ್ಕೆ ಹೊರಟವರು ಫೋಟೊ ನೋಡಿ ಮಿರಿಸ್ಸಾ, ಹಿಕ್ಕಡುವ ಎನ್ನುತ್ತಾರೆ. ಅವೆಲ್ಲ ನೈಋತ್ಯ ದಂಡೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಜಾಗಗಳು. ಮೇ ಕೊನೆಗೆ ಅಲ್ಲಿ ಬೀಚು ಖಾಲಿ ಇರುತ್ತದೆ, ನಮ್ಮ ಮಲ್ಪೆ ಜೂನ್‌ನಲ್ಲಿ ಖಾಲಿ ಇರುವ ಹಾಗೆ. ಅದೇ ಹೊತ್ತಿನಲ್ಲಿ ಮೂಡಣ ದಂಡೆಯ ನೀಲಾವೇಲಿ, ಪಾಸಿಕುಡಾದಲ್ಲಿ ಕಡಲು ಕೆರೆಯ ಹಾಗೆ. ಮಾರಿಷಸ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಆಗ್ನೇಯದ್ದು, ಆಗ ಪಡುವಣ ದಂಡೆ ಹಿಡಿಯಬೇಕು. ಬಾಲಿಯ ಪಡುವಣ ದಂಡೆಗೆ ಮಳೆಗಾಲದಲ್ಲಿ, ಅಂದರೆ ಡಿಸೆಂಬರ್ ಜನವರಿಯಲ್ಲಿ, ಕಡಲು ರಾಶಿ ಪ್ಲಾಸ್ಟಿಕ್ ತಂದು ಹಾಕುತ್ತದೆ. ಹೊಸ ವರ್ಷಕ್ಕೆ ದುಡ್ಡು ಸುರಿದು ಹೋಗಿ ಕಸದ ನಡುವೆ ಕೂತು ಬಂದವರು ನನ್ನ ಎದುರಿನ ಕುರ್ಚಿಯಲ್ಲೇ ಕೂತು ಬೈದಿದ್ದಾರೆ. ಅಂಡಮಾನ್‌ಗೆ ದುರ್ಗಾಪೂಜೆಯ ವಾರ ಬೇಡ, ಕೋಲ್ಕತ್ತದವರ ರಜೆ ಅದು. ಶಾಲೆಯ ಹಂಗಿಲ್ಲದವರಿಗೆ ನಾನು ಮಾರ್ಚ್ ಮೊದಲ ವಾರ ಹೇಳುತ್ತೇನೆ.

ನಕ್ಷೆ ನೋಡುವುದನ್ನೂ ಕಲಿಯಬೇಕು. ಉಪಗ್ರಹದ ಚಿತ್ರ ಹಿಗ್ಗಿಸಿ ನೋಡಿದರೆ ಬಸ್ಸು ನಿಲ್ಲುವ ಬೂದು ಬಣ್ಣದ ಅಂಗಳ ಕಾಣುತ್ತದೆ. ಅಲ್ಲಿಂದ ಅರ್ಧ ಕಿಲೋಮೀಟರ್ ನಡೆಯಬೇಕಾದ ಜಾಗಕ್ಕೆ ಹೆಚ್ಚಿನವರು ಬರುವುದಿಲ್ಲ. ಮೆಟ್ಟಿಲು ಇಳಿಯಬೇಕಾದರೆ ಇನ್ನೂ ಕಡಿಮೆ ಜನ. ಬಾಲಿಯ ನ್ಯಾಂಗ್ ನ್ಯಾಂಗ್ ಬೀಚು ಬಹಳ ವರ್ಷ ಮೌನವಾಗಿ ಉಳಿದದ್ದು ಮೆಟ್ಟಿಲುಗಳ ಪುಣ್ಯದಿಂದ. ನೀರಿನ ಬಣ್ಣವನ್ನೂ ನೋಡಿ. ದಂಡೆಯಿಂದ ದೂರದಲ್ಲಿ ಬಿಳಿ ಗೆರೆ, ಒಳಗೆ ತಿಳಿ ಹಸಿರು ಇದ್ದರೆ ಹವಳದ ದಿಬ್ಬ ಅಲೆಯನ್ನು ಹೊರಗೇ ತಡೆಯುತ್ತಿದೆ ಎಂದರ್ಥ. ಬಿಳಿ ಗೆರೆಗಳು ಮೂರ್ನಾಲ್ಕು ಸಾಲಾಗಿ ದಂಡೆಗೇ ಬಡಿಯುತ್ತಿದ್ದರೆ ಮಕ್ಕಳನ್ನು ಇಳಿಸುವ ಜಾಗ ಅಲ್ಲ.

ಲಕ್ಷದ್ವೀಪದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಟ್ಟು 36 ದ್ವೀಪ, ಜನವಸತಿ 10ರಲ್ಲಿ. ಹೆಚ್ಚಿನವುಗಳಲ್ಲಿ ಪಡುವಣಕ್ಕೆ ತಿಳಿನೀರಿನ ಲಗೂನು, ಪ್ರವಾಸಿಗಳೆಲ್ಲ ಅಲ್ಲೇ. ಮೂಡಣ ದಂಡೆ ನಿರ್ಜನ, ಆದರೆ ಅಲ್ಲಿ ಹವಳದ ಚೂರು, ಸ್ವಲ್ಪ ದೂರದಲ್ಲೇ ಕಡಲು ಆಳ. ಪುಸ್ತಕ ಓದಲು ಒಳ್ಳೆ ಜಾಗ, ಈಜಲು ಅಲ್ಲ. ಮಂಗಳೂರು ಹಳೇ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ಹೊತ್ತ ಮಂಜಿಗಳು (ಸರಕಿನ ಹಡಗುಗಳು) ಅಲ್ಲಿಗೆ ಹೋಗುವುದನ್ನು ಕಂಡವರು "ಇಷ್ಟು ಹತ್ತಿರ, ನಾಳೆಯೇ ಹೊರಡುವ" ಎನ್ನುತ್ತಾರೆ. ಪರ್ಮಿಟ್ ಇಲ್ಲದೆ ಕಾಲಿಡುವ ಹಾಗಿಲ್ಲ.

ನೀರೇ ಕಾರಣ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಉಂಟು. 2010ರಲ್ಲಿ ಹ್ಯಾವ್ಲಾಕ್‌ನಲ್ಲಿ ಈಜುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ತೋಡು ಕಡಲು ಸೇರುವಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ, ಮುಸ್ಸಂಜೆ ಹೊತ್ತು ನೀರಿಗೆ ಇಳಿಯಲೇಬಾರದು. ಬೋರ್ಡು ಇದ್ದರಂತೂ ಮಾತೇ ಇಲ್ಲ. ಇನ್ನೊಂದು ಸೆಳೆತ. ನೊರೆ ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಕಪ್ಪಗೆ ಶಾಂತವಾಗಿ ಕಾಣುತ್ತದೆ. ಹೊಸಬರು "ಇಲ್ಲಿ ಅಲೆ ಇಲ್ಲ" ಎಂದು ಅಲ್ಲೇ ಇಳಿಯುತ್ತಾರೆ, ದಂಡೆಗೆ ಬಂದ ನೀರು ವಾಪಸು ಹೋಗುವ ದಾರಿಯೇ ಅದು. ಸಿಕ್ಕಿಬಿದ್ದರೆ ದಂಡೆಯತ್ತ ಗುದ್ದಾಡದೆ ಅಡ್ಡಕ್ಕೆ ಈಜಿ ಹೊರಬರಬೇಕು. ಅಳಿವೆ ಬಾಗಿಲಲ್ಲಿ, ಅಂದರೆ ಹೊಳೆ ಕಡಲು ಸೇರುವಲ್ಲಿ, ಇಳಿಯಬೇಡ ಎಂದು ನಮ್ಮಲ್ಲಿ ಮಕ್ಕಳಿಗೆ ಗದರುತ್ತೇವೆ. ಕೋಡಿ ಬೆಂಗ್ರೆಯಲ್ಲಿ ಅಷ್ಟು ಎಚ್ಚರ ಇರುವವರು ಫುಕೆಟ್‌ನಲ್ಲಿ ಕೆಂಪು ಬಾವುಟದ ಎದುರು ನಿಂತು ಸೆಲ್ಫಿ ತೆಗೆಯುತ್ತಾರೆ.

ಕಡೆಯದು ಆಟೋ. ಖಾಲಿ ಬೀಚಿಗೆ ಬಿಟ್ಟು ಹೋಗುವ ಆಟೋ ಸಿಗುತ್ತದೆ, ಕರೆದುಕೊಂಡು ಬರುವುದು ಸಿಗುವುದಿಲ್ಲ. ಹ್ಯಾವ್ಲಾಕ್‌ನಲ್ಲಿ ಒಮ್ಮೆ ಕಾಲಾಪತ್ಥರ್ ದಾಟಿ ರಸ್ತೆ ಮುಗಿಯುವವರೆಗೆ ಹೋಗಿ ಸಂಜೆ ಹಾಯಾಗಿ ಕೂತಿದ್ದೆ. ಐದೂವರೆಗೆ ಕತ್ತಲು, ಮೊಬೈಲಿಗೆ ಸಿಗ್ನಲ್ ಇಲ್ಲ, ಕಾಲಿಗೆ ಮರಳುನೊಣ. ಒಂದೂವರೆ ಗಂಟೆ ನಡೆದು, ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದ ಒಬ್ಬ ಬಂಗಾಳಿ ಅಣ್ಣನ ಗೂಡ್ಸ್ ಆಟೋದಲ್ಲಿ ಕಾಯಿಯ ಮೇಲೆ ಕೂತು ರೂಮಿಗೆ ಬಂದೆ. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ, ನಂಬರ್ ಕೊಟ್ಟ. ಈಗ ಅವನ ಮಗನಿಗೆ ಟ್ಯಾಕ್ಸಿ ಇದೆ. ಜನ ಇಲ್ಲದ ಬೀಚ್ ಕೇಳುವವರಿಗೆ ಟಿಕೆಟಿನ ಹಿಂದೆ ಆ ನಂಬರ್ ಬರೆದು ಕೊಡುತ್ತೇನೆ, ವಾಪಸಿನ ಹೊತ್ತು ಇಳಿಯುವ ಮೊದಲೇ ನಿಶ್ಚಯ ಮಾಡಿಕೊಳ್ಳಿ ಎನ್ನುತ್ತೇನೆ.